ನಲವತ್ತೆರಡನೆಯ ಚೀಟಿಯಿಂದ ಮುಂದೆ

ನನ್ನ ಹೆಸರು ಶಮಶಾದ, ತಂದೆಯ ಹೆಸರು ಯಾಕೂಬಸಾಬ, ವಯಸ್ಸು ಇಪ್ಪತ್ಮೂರು ವರ್ಷ, ಸಾಹಿತ್ಯ ವಿಷಯದಲ್ಲಿ ಬಿ.ಎ. ಪಾಸಾಗಿದ್ದೇನೆ, ಸದ್ಯ ಕಾಯಂ ಉದ್ಯೋಗವಿಲ್ಲ, ಸಾಕಿನ್ ನರೋಣಾ, ತಾಲೂಕು ಆಳಂದ, ಜಿಲ್ಲೆ ಗುಲಬರ್ಗಾ. ಇಂದು ದಿನಾಂಕ 6-10-1986ರಂದು ಬೆಳಿಗ್ಗೆ 10-40ಕ್ಕೆ, ಯಾರೂ ಕರೆಸದೆ, ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ಕಳೆದ ತಿಂಗಳು 18ನೆಯ ತಾರೀಖು ಗುರುವಾರ, ಆಳಂದದಿಂದ ಅಫಜಲಪುರಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರಾದ ಶಾಂತಲಿಂಗಪ್ಪ ಮಾಸ್ತರರು, ವಯಸ್ಸು ಅರವತ್ಮೂರು, ತೀರಿಕೊಂಡರು. ದಾರಿಯಲ್ಲಿ ದವಾಖಾನೆಯ ಮುಂದೆ ಬಸ್ಸು ನಿಂತಿದ್ದರೂ ಕಂಡಕ್ಟರ್ ಬಸವಂತರಾಯ ಅವರು ಮಾಸ್ತರರನ್ನು ವಿಚಾರಿಸಲಿಲ್ಲ, ಇಳಿಸಲೂ ಇಲ್ಲ ಎಂದು ಮಾಸ್ತರರ ಮಗ ಜಗದೇವಪ್ಪ ಅವರು ದೂರು ಕೊಟ್ಟಿದ್ದಾರೆ. ಕಂಡಕ್ಟರ್ ಅವರನ್ನು ಕೆಲಸದಿಂದ ನಿಲ್ಲಿಸಲಾಗಿದೆ. ಆ ಬಸ್ಸಿನಲ್ಲಿ ಮಾಸ್ತರರ ಪಕ್ಕದಲ್ಲಿ ಕುಳಿತಿದ್ದವಳು ನಾನು. ದೂರಿನಲ್ಲಿ ಕಂಡಕ್ಟರ್ ಬಗ್ಗೆ ಬರೆದಿರುವುದು ನಡೆದ ಸಂಗತಿಯಲ್ಲ. ಅದನ್ನು ಹೇಳಲು ಹದಿನೆಂಟು ದಿನ ತಡವಾಗಿದೆ. ತಡ ನನ್ನದು.

ಮಾಸ್ತರರು ನನಗೆ ಹೈಸ್ಕೂಲಿನಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿದವರು. 1985ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಅವರ ಗಂಟಲಿಗೆ ಆಪರೇಶನ್ ಆಯಿತು. ಅಂದಿನಿಂದ ಅವರಿಗೆ ಧ್ವನಿ ಇರಲಿಲ್ಲ. ಹೇಳಬೇಕಾದ್ದನ್ನು ಒಂದು ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಅದೇ ವರ್ಷ ಅವರು ಒಂದು ಪುಸ್ತಕ ಬರೆಯಲು ಶುರು ಮಾಡಿದರು. ಈ ವರ್ಷದ ಫೆಬ್ರವರಿಯಿಂದ ನಾನು ವಾರಕ್ಕೆ ಮೂರು ದಿನ ನರೋಣಾದಿಂದ ಬೆಳಗಿನ ಬಸ್ಸಿಗೆ ಆಳಂದಕ್ಕೆ ಹೋಗಿ ಅವರ ಕೈಕೆಳಗೆ ಆ ಕೆಲಸ ಮಾಡುತ್ತಿದ್ದೆ.

ಪುಸ್ತಕ ಏನೆಂದು ಬರೆದುಕೊಳ್ಳುತ್ತಿರುವ ಜಮಾದಾರರು ಕೇಳಿದ್ದರಿಂದ ಹೇಳುತ್ತೇನೆ. ಅದು ಇಂಗ್ಲಿಷಿನ 'ಟೇಕ್' ಎಂಬ ಒಂದೇ ಶಬ್ದದ ಮೇಲಿನ ಪುಸ್ತಕ. ನಮ್ಮ ಕಡೆಯ ಮಕ್ಕಳು ಆ ಶಬ್ದ ಎಲ್ಲಿ ಕಂಡರೂ 'ತೊಗೊ' ಎಂದು ಬರೆದು ಮುಂದೆ ಹೋಗುತ್ತಾರೆ, ಆಮೇಲೆ ಇಡೀ ವಾಕ್ಯ ಕೈಬಿಟ್ಟು ಹೋಗುತ್ತದೆ ಎಂದು ಮಾಸ್ತರರು ಹೇಳುತ್ತಿದ್ದರು. ಕೈಯಿಂದ ಪೆನ್ನು ತೆಗೆದುಕೊಂಡರೂ ಟೇಕ್, ಗುಳಿಗೆ ನುಂಗಿದರೂ ಟೇಕ್, ಜಳಕ ಮಾಡಿದರೂ ಟೇಕ್. ಊರಿಗೆ ಹೋಗಲು ಎರಡು ತಾಸು ಹಿಡಿದರೆ ಹಿಡಿದದ್ದೂ ಟೇಕ್. ಮಗುವನ್ನು ಶಾಲೆಗೆ ಕರೆದುಕೊಂಡು ಹೋದರೂ, ಮಗಳು ತಾಯಿಯನ್ನು ಹೋಲಿದರೂ, ಅಂಗಿ ಕಳಚಿದರೂ ಅದೇ ಶಬ್ದ. ಅದರ ನಂತರ ಬರುವ ಸಣ್ಣ ಶಬ್ದ ಮಾತ್ರ ಬೇರೆ. ಹೀಗೆ ಒಂದೊಂದು ಬಳಕೆಗೆ ಒಂದೊಂದು ಚೀಟಿ, ಒಟ್ಟು ನೂರಾ ಹನ್ನೆರಡು ಚೀಟಿಗಳು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಅಚ್ಚಿಲ್ಲದ ಬದಿಯಲ್ಲಿ ಬರೆದಿದ್ದೆವು. ಮೇಲೆ ಇಂಗ್ಲಿಷ್ ವಾಕ್ಯ ಮಾಸ್ತರರ ಕೈಬರಹ, ಕೆಳಗೆ ಕನ್ನಡ ವಾಕ್ಯ ನನ್ನ ಕೈಬರಹ. ಒಂದು ಶಬ್ದ ಪೂರ್ತಿ ಕೈವಶವಾದರೆ ಮಕ್ಕಳಿಗೆ ಉಳಿದ ಶಬ್ದಗಳ ಹೆದರಿಕೆ ಹೋಗುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಜಮಾದಾರರು ಒಂದು ಶಬ್ದಕ್ಕೆ ಇಷ್ಟು ಚೀಟಿಯೇ ಎಂದು ಎರಡು ಸಲ ಕೇಳಿದರು. ಹೌದು, ಇಷ್ಟು.

ಚೀಟಿ ತಿದ್ದುವ ಪದ್ಧತಿ ಹೀಗಿತ್ತು. ನಾನು ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಮಾಸ್ತರರು ಚೀಟಿಗಳ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳುತ್ತಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಬೆರಳಿನಿಂದ ಒಂದು ಸಲ ಬಡಿದರೆ ಸರಿ. ಎರಡು ಸಲ ಬಡಿದರೆ ತಪ್ಪು. ಅದರ ಮೂಲೆ ಮಡಚಿ ಇಡಬೇಕು, ತಿದ್ದುವುದು ಮನೆಯಲ್ಲಿ. ಬಡಿಯದೆ ಬಿಟ್ಟರೆ ಅವರು ಇನ್ನೂ ವಿಚಾರ ಮಾಡುತ್ತಿದ್ದಾರೆ ಎಂದು ಅರ್ಥ. ಅದನ್ನು ಕಟ್ಟಿನ ಕೆಳಗೆ ಇಟ್ಟು, ಕಾಯದೆ, ಮುಂದಿನದನ್ನು ಓದಬೇಕು. ನಡುವೆ ಏನೂ ಕೇಳಬಾರದು. ಆಗಸ್ಟ್ ತಿಂಗಳಲ್ಲಿ ಒಂದು ದಿನ ಸಾಲಾಗಿ ಹನ್ನೊಂದು ಚೀಟಿಗೆ ಅವರು ಬಡಿದಿರಲಿಲ್ಲ. ನಾನು ಓದುವಾಗ ಅವರ ಮುಖ ನೋಡುತ್ತಿರಲಿಲ್ಲ. ಅದು ಅವರ ಕಟ್ಟಳೆಯಲ್ಲ, ನನ್ನ ಸ್ವಭಾವ.

18ನೆಯ ತಾರೀಖು ನಾವು ಅಫಜಲಪುರದ ಒಂದು ಪ್ರೆಸ್ಸಿಗೆ ಚೀಟಿಗಳನ್ನು ಒಪ್ಪಿಸಲು ಹೊರಟೆವು. ದಾರಿಯಲ್ಲಿ ಕಡೆಯ ಸಲ ಎಲ್ಲವನ್ನೂ ಓದಿ ಮುಗಿಸುವುದೆಂದು ಮಾಸ್ತರರು ಪಾಟಿಯ ಮೇಲೆ ಬರೆದಿದ್ದರು. ಅವರ ಹೆಂಡತಿ ಸುಂದರಬಾಯಿ ಅಮ್ಮನವರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, "ಲಗೂನ ಬರ್ರಿ. ಪ್ರೆಸ್ಸಿನವರ ಜೋಡಿ ಪಾಟಿ ಮ್ಯಾಲ ಜಗಳಾ ಆಡ್ಕೋತ ಕುಂದರಬ್ಯಾಡ್ರಿ" ಎಂದರು. ಮಾಸ್ತರರು ನಕ್ಕರು. ಮನೆಯಿಂದ ಬಸ್ ಸ್ಟ್ಯಾಂಡ್ ಸುಮಾರು ನಾನೂರು ಗಜ. ಆ ದೂರದಲ್ಲಿ ಅವರು ಎರಡು ಸಲ ನಿಂತರು, ಎರಡನೆಯ ಸಲ ಲೈಟ್ ಕಂಬ ಹಿಡಿದು ನಿಂತರು. ನಾನು ಡಬ್ಬಿ ಕೊಡಿರೆಂದು ಕೈ ಚಾಚಿದೆ. ಅವರು ಕೊಡದೆ, ಪಾಟಿಯ ಮೇಲೆ 'ಬಿಸಿಲು' ಎಂದು ಒಂದೇ ಶಬ್ದ ಬರೆದರು. ನಾನು ಬಿಸಿಲೆಂದೇ ತಿಳಿದೆ.

ಬಸ್ಸು 1-10ಕ್ಕೆ ಹೊರಟಿತು. ನಾವು ಬಲಗಡೆಯ ನಾಲ್ಕನೆಯ ಸೀಟಿನಲ್ಲಿ ಕುಳಿತೆವು, ಕಿಟಕಿಯ ಹತ್ತಿರ ಮಾಸ್ತರರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಬಸವಂತರಾಯ ಅವರಿಗೆ ಮಾಸ್ತರರ ಗುರುತಿತ್ತು. "ಪುಸ್ತಕ ಯಾವಾಗ ಬರ್ತದ್ರಿ ಮಾಸ್ತರ? ನಮ್ಮ ಹುಡುಗಿ ಇಂಗ್ಲೀಷಿನ್ಯಾಗ ಎರಡು ಸಲ ಫೇಲ ಆಗ್ಯಾಳ್ರಿ, ಮೊದಲನೇ ಕಾಪಿ ಆಕಿಗೇ ಬೇಕು" ಎಂದರು. ಮಾಸ್ತರರು ಡಬ್ಬಿಯ ಮೇಲೆ ಒಂದು ಸಲ ಬಡಿದರು. "ಹೌದು ಅಂದ್ರಿ ಅಂತ ತಿಳ್ಕೊಂತೇನ್ರಿ. ಈ ಅಕ್ಕಾರು ಸಾಕ್ಷಿ" ಎಂದು ಹೇಳಿ ಕಂಡಕ್ಟರ್ ಹಿಂದಿನ ಸೀಟಿಗೆ ಹೋದರು.

ಮೊದಲ ಅರ್ಧ ತಾಸು ನೂಕುನುಗ್ಗಲು ಇತ್ತು. ಜನ ಇಳಿದ ಮೇಲೆ 1-40ಕ್ಕೆ ನಾನು ಒಂದನೆಯ ಚೀಟಿಯಿಂದ ಓದಲು ಶುರು ಮಾಡಿದೆ. ಒಂದು ಚೀಟಿಗೆ ಹೆಚ್ಚುಕಡಿಮೆ ಒಂದು ಮಿನಿಟು ಹಿಡಿಯುತ್ತಿತ್ತು. ನನ್ನ ಕೈಯಲ್ಲಿ ಗಡಿಯಾರ ಇತ್ತು. ಸಮಯವನ್ನು ನಾನು ಚೀಟಿಗಳ ಲೆಕ್ಕದಿಂದಲೂ ಹೇಳುತ್ತಿದ್ದೇನೆ.

ಸುಮಾರು 2 ಗಂಟೆಗೆ ಕಿಟಕಿಯ ಬಿಸಿಲು ನೇರ ಮುಖಕ್ಕೆ ಬಂದದ್ದರಿಂದ ಮಾಸ್ತರರು ಟವೆಲನ್ನು ತಲೆಯ ಮೇಲಿಂದ ಮುಖದವರೆಗೆ ಎಳೆದುಕೊಂಡರು. ಅದೇ ಹೊತ್ತಿಗೆ ನಮ್ಮ ಹಿಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಒಬ್ಬ ಮುದುಕಿ ಬಗ್ಗಿ ನನ್ನ ಕೈಯಲ್ಲಿದ್ದ ಚೀಟಿ ನೋಡಿದಳು. ಆಕೆಯ ಹೆಸರು ನಿಂಬೆವ್ವ ಎಂದು ಆಮೇಲೆ ತಿಳಿಯಿತು. ಚೀಟಿಯ ಹಿಂಬದಿಯಲ್ಲಿ ಗಣಪತಿ ಚಿತ್ರ ಮತ್ತು ವಧುವರರ ಹೆಸರು ಇದ್ದವು. "ಅಷ್ಟೊತ್ತಿಂದ ಯಾರ ಲಗ್ನಪತ್ರಿಕಿ ಓದಾಕತ್ತಿ ಬೇ? ನಿಂದೇನು? ವರ ಭಾಳ ಇಂಗ್ಲೀಷ್ ಮಾತಾಡ್ತಾನ ಕಾಣ್ತದ" ಎಂದಳು. ಮುಂದಿನವರೂ ತಿರುಗಿ ನಕ್ಕರು. ನನಗೆ ನಾಚಿಕೆಯಾಗಿ ಚೀಟಿಯನ್ನು ಇನ್ನೂ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಸಣ್ಣ ಧ್ವನಿಯಲ್ಲಿ ಓದತೊಡಗಿದೆ. ಮಾಸ್ತರರು ಒಂದು ಸಲ ಬಡಿದರು. ಅದು ಚೀಟಿಗೋ ಮುದುಕಿಯ ಮಾತಿಗೋ ಗೊತ್ತಾಗಲಿಲ್ಲ. ಅವರ ಭುಜ ನಕ್ಕು ಅಲುಗಿದ್ದು ನನ್ನ ಭುಜಕ್ಕೆ ತಿಳಿಯಿತು.

2-21ಕ್ಕೆ ನಲವತ್ತೊಂದನೆಯ ಚೀಟಿ. 'ದಿಸ್ ರೋಡ್ ಟೇಕ್ಸ್ ಯೂ ಟು ದಿ ರಿವರ್.' ಅದಕ್ಕೆ ನಾನು 'ಈ ರಸ್ತೆಯು ನಿಮ್ಮನ್ನು ನದಿಗೆ ಕರೆದೊಯ್ಯುತ್ತದೆ' ಎಂದು ಬರೆದಿದ್ದೆ. ಮಾಸ್ತರರು ಎರಡು ಸಲ ಬಡಿದರು. ನಾನು ಮೂಲೆ ಮಡಚಿದೆ. ನಲವತ್ತೆರಡಕ್ಕೆ ಅವರು ಬಡಿಯಲಿಲ್ಲ. ನಲವತ್ಮೂರು, ನಲವತ್ನಾಲ್ಕಕ್ಕೂ ಬಡಿಯಲಿಲ್ಲ. ಮೂರನ್ನೂ ಕಟ್ಟಿನ ಕೆಳಗೆ ಇಟ್ಟೆ.

2-25ಕ್ಕೆ ಬಸ್ಸು ನಿಂತಿತು. ಅಫಜಲಪುರ 24 ಎಂದು ಬರೆದ ಕಲ್ಲು ಮುಂದಿನ ಗಾಲಿಯ ಪಕ್ಕದಲ್ಲಿತ್ತು. ಎಂಜಿನ್ ಕಾದದ್ದರಿಂದ ಡ್ರೈವರ್ ನೀರು ಹಾಕಲು ಇಳಿದರು. ಅಲ್ಲಿ ರಸ್ತೆಯ ಎಡಗಡೆ ದವಾಖಾನೆ ಇದೆ. ಅದರ ಬಾಗಿಲಿಗೂ ಬಸ್ಸಿಗೂ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಬಾಗಿಲು ತೆರೆದಿತ್ತು. ಬಿಳಿ ಸೀರೆಯ ನರ್ಸ್ ಒಬ್ಬರು ಮೆಟ್ಟಿಲ ಮೇಲೆ ನಿಂತು ಬಸ್ಸಿನ ಕಡೆ ನೋಡುತ್ತಿದ್ದರು.

2-27ಕ್ಕೆ ಕಂಡಕ್ಟರ್ ಬಸವಂತರಾಯ ಅವರು ನಮ್ಮ ಸೀಟಿನ ಹತ್ತಿರ ಬಂದು ನಿಂತರು. "ಮಾಸ್ತರ ಮುಸುಕು ಹಾಕ್ಕೊಂಡಾರಲ್ರಿ ಅಕ್ಕಾರ. ಆರಾಮ ಅದಾರಿಲ್ಲೋ? ಬಸ್ಸು ಐದು ಮಿನಿಟ ನಿಂದರ್ತದ. ನೀರು, ಚಹಾ ಏನರ ತರಬೇಕೇನು ಕೇಳ್ರಿ" ಎಂದರು. ನನ್ನ ಕೈಯಲ್ಲಿ ನಲವತ್ತೇಳನೆಯ ಚೀಟಿ ಇತ್ತು. ನಾನು ಪಕ್ಕಕ್ಕೆ ತಿರುಗಲಿಲ್ಲ. ಮಾಸ್ತರರ ಕೈಯನ್ನು ಮಾತ್ರ ನೋಡಿದೆ. ಕೈ ಡಬ್ಬಿಯ ಮೇಲೆ ಇತ್ತು. "ಆರಾಮ ಅದಾರ್ರಿ. ಏನೂ ಬ್ಯಾಡ, ಕೆಲಸ ನಡದದ" ಎಂದು ನಾನು ಹೇಳಿದೆ. "ಆಯ್ತ್ರಿ" ಎಂದು ಅವರು ಇಳಿದು ಹೋದರು. ಮಾಸ್ತರರನ್ನು ಕೇಳಿ ಹೇಳಿರೆಂದು ಅವರು ಅಂದಿದ್ದರು. ನಾನು ಕೇಳದೆ ಹೇಳಿದೆ.

ಬಸ್ಸು 2-32ಕ್ಕೆ ಹೊರಟಿತು. ನಿಂತ ಏಳು ಮಿನಿಟಿನಲ್ಲಿ ನಾನು ಆರು ಚೀಟಿ ಓದಿದ್ದೆ. ಒಂದಕ್ಕೂ ಅವರು ಬಡಿದಿರಲಿಲ್ಲ.

ಐವತ್ಮೂರನೆಯ ಚೀಟಿಗೆ, ಬಡಿಯದ ಚೀಟಿಗಳ ಲೆಕ್ಕ ಆಗಸ್ಟಿನ ಆ ದಿನದ ಹನ್ನೊಂದನ್ನು ದಾಟಿತು. ಅದು ನನ್ನ ಗಮನಕ್ಕೆ ಬಂದಿತ್ತು. ನನ್ನ ಕನ್ನಡ ಅವರಿಗೆ ಹಿಡಿಸಿಲ್ಲ, ಬೇಸರಗೊಂಡು ಬಡಿಯುತ್ತಿಲ್ಲ ಎಂದು ನಾನು ತಿಳಿದೆ. ಆದ್ದರಿಂದ ಮುಂದಿನ ಚೀಟಿಗಳನ್ನು ಇನ್ನೂ ಒತ್ತಿ, ಸ್ಪಷ್ಟವಾಗಿ ಓದಿದೆ. ಸುಮಾರು 2-40ಕ್ಕೆ ನಿಂಬೆವ್ವ ಹಿಂದಿನಿಂದ, "ಮಾಸ್ತರಗ ನಿದ್ದಿ ಹತ್ಯಾದ ನೋಡು ತಂಗಿ. ನೀ ಒಬ್ಬಾಕಿನೇ ಯಾರಿಗಿ ಹೇಳಾಕತ್ತಿ?" ಎಂದಳು. "ನಿದ್ದಿ ಅಲ್ಲಮ್ಮ, ವಿಚಾರ ಮಾಡಾಕತ್ತಾರ" ಎಂದು ನಾನು ಉತ್ತರ ಕೊಟ್ಟೆ. ಆ ದಿನ ಬಸ್ಸಿನಲ್ಲಿ ನಾನು ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

2-54ಕ್ಕೆ, ಅಫಜಲಪುರ 13 ಎಂಬ ಕಲ್ಲಿನ ಹತ್ತಿರ, ಕುರಿಹಿಂಡು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದರು. ಮಾಸ್ತರರು ನನ್ನ ಭುಜದ ಮೇಲೆ ವಾಲಿದರು. ಟವೆಲ್ ಜಾರಿತು. ಕಣ್ಣು ಅರ್ಧ ತೆರೆದಿದ್ದವು. ಡಬ್ಬಿ ಕೆಳಗೆ ಬಿದ್ದಿತು, ಚೀಟಿಗಳ ಕಟ್ಟೂ ಬಿದ್ದು ಚೆದರಿತು. ನನ್ನ ಕೈಯಲ್ಲಿ ಎಪ್ಪತ್ತನೆಯ ಚೀಟಿ ಇತ್ತು. ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ನಾನು ಅವರ ಕೈಯನ್ನು ಎತ್ತಿ ನೋಡಿದೆ. ಕೈ ತಣ್ಣಗಿತ್ತು.

ನಾನು ಕೂಗಲಿಲ್ಲ. ಕೂಗಿದವಳು ನಿಂಬೆವ್ವ. ಕಂಡಕ್ಟರ್ ಓಡಿ ಬಂದು, ನಾಡಿ ಹಿಡಿದು, ಜನರನ್ನು ಎಬ್ಬಿಸಿ, ಮಾಸ್ತರರನ್ನು ಉದ್ದನೆಯ ಸೀಟಿನ ಮೇಲೆ ಮಲಗಿಸಿದರು. "ಎಲ್ಲೂ ನಿಂದ್ರಸಬ್ಯಾಡ, ಸೀದಾ ದೊಡ್ಡ ದವಾಖಾನಿಗೇ ಹೊಡಿ" ಎಂದು ಡ್ರೈವರಿಗೆ ಹೇಳಿದರು. ಅಲ್ಲಿಂದ ಅಫಜಲಪುರದವರೆಗೆ ಹದಿಮೂರು ಕಿಲೋಮೀಟರ್ ಅವರು ನೆಲದ ಮೇಲೆ ಮೊಣಕಾಲೂರಿ ಕುಳಿತು, ಮಾಸ್ತರರು ಉರುಳದಂತೆ ಎರಡೂ ಕೈಯಿಂದ ಹಿಡಿದಿದ್ದರು. ನಡುವೆ ಇಳಿಯಬೇಕಾಗಿದ್ದ ಐದು ಮಂದಿ ಇಳಿಯುತ್ತೇವೆ ಎನ್ನಲಿಲ್ಲ. ನಿಂಬೆವ್ವ ನೆಲಕ್ಕೆ ಬಿದ್ದ ಚೀಟಿಗಳನ್ನು ಆರಿಸಿ, ಬದನೆಕಾಯಿ ಬುಟ್ಟಿಯಲ್ಲಿ ಹಾಕಿಕೊಂಡು ಬಂದು ನನಗೆ ಕೊಟ್ಟಳು. 3-16ಕ್ಕೆ ದವಾಖಾನೆ ತಲುಪಿದೆವು. ಜೀವ ಹೋಗಿ ಅರ್ಧ ತಾಸಿಗಿಂತ ಮೇಲಾಗಿದೆ, ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಇಪ್ಪತ್ನಾಲ್ಕನೆಯ ಕಲ್ಲಿನ ಹತ್ತಿರ ಇಳಿಸಿದ್ದರೆ ಉಳಿಯುತ್ತಿದ್ದರೇ ಎಂದು ನಾನು ಅವರನ್ನು ಕೇಳಿದೆ. ಡಾಕ್ಟರು, ಮಾಸ್ತರರು ನನಗೆ ಏನಾಗಬೇಕು ಎಂದು ಕೇಳಿದರು. ಕಲಿಸಿದವರು ಎಂದೆ.

ಸಂಜೆ 6-30ಕ್ಕೆ ಜಗದೇವಪ್ಪ ಅವರು ಜೀಪಿನಲ್ಲಿ ಬಂದರು. ತಂದೆಯನ್ನು ನೋಡಿ ಹೊರಗೆ ಬಂದು, ಗೋಡೆಗೆ ತಲೆ ಇಟ್ಟು ಅತ್ತರು. ಆಮೇಲೆ ನನ್ನ ಹತ್ತಿರ ಬಂದು, "ತಂಗಿ, ಖರೇ ಹೇಳು. ದವಾಖಾನಿ ಮುಂದ ಬಸ್ಸು ನಿಂತಿತ್ತಂತ. ಜನ ಹೇಳಾಕತ್ತಾರ. ಆ ಕಂಡಕ್ಟರ್ ಬಂದು ಒಂದು ಮಾತು ಕೇಳಲಿಲ್ಲೇನು?" ಎಂದರು. ಸುತ್ತ ಹತ್ತು ಹನ್ನೆರಡು ಗಂಡಸರು ನಿಂತಿದ್ದರು. ನಾನು ತಲೆ ಬಗ್ಗಿಸಿದೆ. "ಕೇಳಲಿಲ್ಲ ಅಲಾ?" ಎಂದು ಅವರು ಇನ್ನೊಂದು ಸಲ ಕೇಳಿದರು. ನಾನು ತಲೆ ಎತ್ತಲಿಲ್ಲ. "ನೋಡ್ರಿ, ಹೆಂಗ ಹೆದರ್ಯಾದ ಕೂಸು" ಎಂದು ಅವರು ಉಳಿದವರಿಗೆ ಹೇಳಿದರು. ಅವರ ದೂರು ನಿಂತಿರುವುದು ಇದರ ಮೇಲೆ. ಅವರು ಸುಳ್ಳು ಹೇಳಿಲ್ಲ. ನಾನು ಹೇಳದೆ ಇದ್ದದ್ದನ್ನು ಅವರು ಬರೆದುಕೊಟ್ಟರು. ಅಷ್ಟು ಹೊತ್ತಿನಲ್ಲಿ ಕಂಡಕ್ಟರ್ ಅವರು ಸುಮಾರು ಇಪ್ಪತ್ತು ಹೆಜ್ಜೆ ದೂರದಲ್ಲಿ, ಬಸ್ಸಿನ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು.

ಮೂರನೆಯ ದಿನ ನಾನು ತಂದೆಯ ಜೊತೆ ಮಾಸ್ತರರ ಮನೆಗೆ ಹೋದೆ. ಸುಂದರಬಾಯಿ ಅಮ್ಮನವರು ನನ್ನನ್ನು ಒಳಗೆ ಕರೆದು ಕೂರಿಸಿಕೊಂಡು, "ಕಡೀಕ ಹೆಂಗ ಬಡದ್ರವ್ವಾ ಅವರು? ಒಂದ ಸಲಾನೋ, ಎರಡ ಸಲಾನೋ?" ಎಂದು ಕೇಳಿದರು. ಒಂದು ಸಲ ಎಂದು ನಾನು ಹೇಳಿದೆ. "ಹಂಗಾರ ಸರಿ ಅಂದ್ರು" ಎಂದು ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಹೇಳಿದ್ದು ನಿಜವಲ್ಲ. ನಲವತ್ತೊಂದಕ್ಕೆ ಎರಡು ಸಲ ಬಡಿದರು ಎಂದು ಮೇಲೆ ಬರೆಸಿದ್ದೇ ನಿಜ. ಅವರು ಏಕೆ ತಪ್ಪೆಂದರು ಎಂಬುದು ನನಗೆ ಆ ಮನೆಯಿಂದ ಹೊರಗೆ ಬರುವಾಗ ಹೊಳೆಯಿತು. ನಮ್ಮ ಕಡೆ ಯಾರೂ ರಸ್ತೆ ಕರೆದೊಯ್ಯುತ್ತದೆ ಎನ್ನುವುದಿಲ್ಲ. ಈ ಹಾದಿ ಹಿಡಿದರೆ ಹೊಳೆ ಬರುತ್ತದೆ ಎನ್ನುತ್ತಾರೆ. ಚೀಟಿಯನ್ನು ಇನ್ನೂ ತಿದ್ದಿಲ್ಲ.

ಈ ತಿಂಗಳು 3ನೆಯ ತಾರೀಖು ಶುಕ್ರವಾರ ಬೆಳಿಗ್ಗೆ 9 ಗಂಟೆಗೆ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದರು. ಕಂಡಕ್ಟರ್ ಅವರ ಹೆಂಡತಿ, ಹೆಸರು ಗಂಗಾಬಾಯಿ. ನಾನು ಒಳಗೆ ಹೋಗಿಬಿಟ್ಟೆ. ಅವರು ಹೊಸ್ತಿಲ ಹೊರಗೆ ನಿಂತುಕೊಂಡೇ, "ಬಾ ತಂಗಿ, ಜಗಳಕ್ಕ ಬಂದಿಲ್ಲ. ನೀ ಇಂಗ್ಲೀಷ್ ಓದಾಕಿ ಅಂತ ಬಂದೀನಿ. ಈ ಕಾಗದ ನಮ್ಮ ಓಣ್ಯಾಗ ಯಾರಿಗೂ ತಿಳಿವಲ್ದು" ಎಂದು ಮಡಚಿದ ಕಾಗದ ಚಾಚಿದರು. ಅದು ಕೆಲಸದಿಂದ ನಿಲ್ಲಿಸಿದ ನೋಟೀಸು. ಒಂಬತ್ತು ಸಾಲು ಇತ್ತು. ನಾನು ಓದಿ ಕನ್ನಡದಲ್ಲಿ ಹೇಳುತ್ತ ಬಂದೆ. ಕಡೆಯ ಸಾಲಿನಲ್ಲಿ, ಹದಿನೈದು ದಿನದೊಳಗೆ ಸಮಾಧಾನಕರ ಉತ್ತರ ಬರದಿದ್ದರೆ 'ಆ್ಯಕ್ಷನ್ ವಿಲ್ ಬಿ ಟೇಕನ್' ಎಂದಿತ್ತು. ಕ್ರಮ ತೊಗೊಂತಾರಂತ ಎಂದೆ. "ಅಂದ್ರ ಏನು ತೊಗೊಂತಾರ? ನೌಕರಿನಾ?" ಎಂದು ಅವರು ಕೇಳಿದರು. ಹೌದು ಎಂದು ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿಕೊಂಡು, "ಆ ದಿನ ಬಂದು ಅನ್ನ ಉಣ್ಣಲಿಲ್ಲ ಅವರು. ಆ ಅಕ್ಕಾರ್ನ ಇನ್ನೊಂದು ಸಲ ಕೇಳಬೇಕಿತ್ತು, ನಾ ಕೇಳಲಿಲ್ಲ ಅಂತ ಈಗೂ ಅನ್ನಾಕತ್ತಾರ" ಎಂದು ಹೇಳಿ ಹೋದರು.

ಅಂದು ರಾತ್ರಿ ನನ್ನ ತಂದೆಗೆ ಎಲ್ಲವನ್ನೂ ಹೇಳಿದೆ. "ಹೇಳಿದ್ರ ಮಾಸ್ತರ ಮನಿ ಬಾಗಿಲು ನಿನಗ ಮುಚ್ಚತದ ಬೇಟಿ. ಊರಾಗೂ ಒಂದು ಮಾತು ಉಳೀತದ" ಎಂದು ಅವರು ಅಂದರು. ಇಂದು ಬೆಳಿಗ್ಗೆ ಅವರೇ ಬಸ್ ಚಾರ್ಜು ಕೊಟ್ಟು ಜೊತೆಗೆ ಬಂದಿದ್ದಾರೆ. ಠಾಣೆಯ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದಾರೆ.

ಬರೆಸಿದ್ದನ್ನು ಕೇಳಿದ ಸಬ್ ಇನ್‌ಸ್ಪೆಕ್ಟರ್ ಸಾಹೇಬರು, ಪ್ರಾಣ ಹೋದ ಹೊತ್ತು ಯಾರಿಗೂ ಖಚಿತವಿಲ್ಲದ ಕಾರಣ, ದವಾಖಾನೆ ದಾಟಿದ ಮೇಲೆ ತೀರಿಕೊಂಡಿರಬಹುದು ಎಂದು ಬರೆಯಲೇ, ಅದರಿಂದ ಕಂಡಕ್ಟರಿಗೂ ನನಗೂ ತೊಂದರೆಯಾಗದು ಎಂದು ಸಮಾಧಾನದಿಂದಲೇ ಕೇಳಿದರು. ಹಾಗೆ ಬರೆಯುವುದು ಬೇಡ ಎಂದೆ. ಪ್ರಾಣ ಎಲ್ಲಿ ಹೋಯಿತೆಂದು ನಾನು ಅರಿಯೆ. ಬಸ್ಸು ಅಲ್ಲಿ ನಿಂತಾಗ ಅವರು ಬಡಿಯುವುದನ್ನು ನಿಲ್ಲಿಸಿ ಮೂರು ಚೀಟಿ ಆಗಿದ್ದವು, ಅಷ್ಟು ಬಲ್ಲೆ. ಬಸವಂತರಾಯ ಅವರು ಕೇಳಬೇಕಾದ ಪ್ರಶ್ನೆಯನ್ನು, ಕೇಳಬೇಕಾದ ಜಾಗದಲ್ಲಿ ಕೇಳಿದ್ದರು. ಆರಾಮ ಇದ್ದಾರೆ ಎಂದು ಉತ್ತರ ಹೇಳಿದವಳು ನಾನು.

ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ಯಾರ ಒತ್ತಾಯವೂ ಇಲ್ಲ. ಜಮಾದಾರರು ಪೂರ್ತಿ ಓದಿ ಹೇಳಿದರು. ಈ ಸಲ ತಲೆ ಎತ್ತಿ ಕೇಳಿದೆ, ನಾನು ಹೇಳಿದಂತೆಯೇ ಇದೆ.

ಸ್ಥಳ: ಆಳಂದ
ದಿನಾಂಕ: 6-10-1986, ಮಧ್ಯಾಹ್ನ 1-05

ಸಹಿ
ಶಮಶಾದ